ಕಡಲ ಕೊರತೆ

ತರಬೇತಿ ಕೇಂದ್ರದ ಮೆಟ್ಟಿಲು ಹತ್ತುತ್ತಿದ್ದಾಗ ಅವಳಿಗೆ ನಗು ಬಂತು. ಅದು ಸಂತೋಷದ ನಗುವೇನೂ ಅಲ್ಲ, ಹಾಗೆಂದು ದುಃಖದ್ದೂ ಅಲ್ಲ. ಕುಲುಕಿದ ಸೋಡಾ ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿಕೊಂಡು ನಿಂತವರಿಗೆ ಆಗುವಂಥ ಒಂದು ಗಾಬರಿ. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದದ್ದು ಬಸ್ಸಿನಲ್ಲಿ ಮತ್ತೆ ಉಕ್ಕಿ ಬಂದು, ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಬಟ್ಟೆಯೆಲ್ಲಾದರೂ ಹರಿದಿದೆಯೇ ಎಂದು ತಡಕಿ ನೋಡಿಕೊಳ್ಳುವ ಹಾಗೆ ಮಾಡಿತ್ತು. ಅವಳು ಕ್ಷಮೆ ಕೇಳಿದ್ದಳು. ಕ್ಷಮೆ ಕೇಳುವಾಗಲೂ ನಕ್ಕಿದ್ದಳು. ಆ ಹೆಂಗಸು ಎದ್ದು ಬೇರೆ ಸೀಟಿಗೆ ಹೋಗಿ, ಅಲ್ಲಿಂದಲೂ ತಿರುತಿರುಗಿ ನೋಡಿದಳು. ಈಗ ಮೆಟ್ಟಿಲ ಕೊನೆಯಲ್ಲಿ, ಹೊಸದಾಗಿ ಬರೆಸಿದ ಫಲಕದ ಮುಂದೆ ನಿಂತು, ‘ಕರಾವಳಿ ತಾಳಿಕೆ ಮತ್ತು ಸಂಪನ್ಮೂಲ ನಿರ್ವಹಣೆ ತರಬೇತಿ ಕೇಂದ್ರ’ ಎಂದು ಪೂರ್ತಿ ಓದಿ, ಬಣ್ಣ ಒಣಗಿದೆಯೋ ಇಲ್ಲವೋ ನೋಡೋಣವೆಂದು ಒಂದು ಅಕ್ಷರವನ್ನು ಮುಟ್ಟಿದಳು. ಒಣಗಿರಲಿಲ್ಲ. ಬೆರಳಿಗೆ ನೀಲಿ ಹತ್ತಿತು, ಅಕ್ಷರದ ಬಾಲ ಅಳಿಸಿಹೋಯಿತು. ಒಳಗೆ ಕಾಲಿಡುವ ಮೊದಲೇ ಸಂಸ್ಥೆಯ ಹೆಸರು ಕೆಡಿಸಿದೆನಲ್ಲ ಅನ್ನಿಸಿ, ಹಾಗನ್ನಿಸಿದ್ದಕ್ಕೇ ನಗು ಇನ್ನಷ್ಟು ಜೋರಾಗಿ ಬಂದು, ಅವಳು ಗೋಡೆಯ ಕಡೆ ತಿರುಗಿ ಕೆಮ್ಮಿದಳು.

“ತಾಳಿಕೆ ಕಲಿಯೋಕೂ ಒಂದು ಕ್ಲಾಸಾ?” ಎಂದು ಅತ್ತೆ ಬೆಳಿಗ್ಗೆ ಕೇಳಿದ್ದರು. “ಇಷ್ಟು ವರ್ಷ ನಾನು ಮನೇಲಿ ಕೂತು ಕಲಿಸಿದ್ದು ಸಾಲ್ದೇ ಹೋಯ್ತಾ?” ಹೊಲಿಗೆ ಯಂತ್ರದ ಮುಂದೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೂತಿದ್ದ ಗಂಡ, ಪಿನ್ನು ನುಂಗದ ಹಾಗೆ ಎಚ್ಚರದಿಂದ ನಕ್ಕ. ಅವನು ದರ್ಜಿ. ಅವಳ ಹೊಸ ನಿಲುವಂಗಿಗೆ ರಾತ್ರಿಯೇ ಎರಡು ಆಳವಾದ ಜೇಬು ಹೊಲಿದಿಟ್ಟಿದ್ದ. ಕಲಿಯೋಕೆ ಹೋಗುವವರಿಗೆ ಕೈ ಇಟ್ಟುಕೊಳ್ಳಲು ಒಂದು ಜಾಗ ಬೇಕು ಎಂಬುದು ಅವನ ಸಿದ್ಧಾಂತ. “ನಾನು ಹೋಗೋದೋ ಬೇಡ್ವೋ ಅಂತ ಇನ್ನೂ ಗೊತ್ತಾಗ್ತಿಲ್ಲ ಕಣ್ರೀ,” ಎಂದು ಅವಳು ಬಾಗಿಲಲ್ಲಿ ನಿಂತು ಹೇಳಿದಾಗ ಅವನು ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿ, “ನಿನ್ನ ಅಳತೆ ನೀನೇ ತಗೋಬೇಡ. ಬಗ್ಗಿ ನೋಡ್ಕೊಂಡು ತಗೊಂಡ ಅಳತೆ ಯಾವಾಗ್ಲೂ ಗಿಡ್ಡ ಬರುತ್ತೆ,” ಎಂದ. ಒಳಗಿಂದ ಅತ್ತೆ, “ಉದ್ದ ಬಂದ್ರೂ ಕಷ್ಟ, ಕಾಲಿಗೆ ತೊಡರುತ್ತೆ,” ಎಂದರು. ಆ ಮನೆಯಲ್ಲಿ ಕೊನೆಯ ಮಾತು ಯಾವತ್ತೂ ಅತ್ತೆಯದು.

ಅವಳಿಗೆ ಈ ಸೀಟು ಸಿಕ್ಕಿದ್ದು ಒಂದು ಬಾಯ್ತಪ್ಪಿನಿಂದ. ಇದು ಅವಳಿಗೂ ಮೇಷ್ಟ್ರಿಗೂ ಮಾತ್ರ ಗೊತ್ತಿತ್ತು. ಮೇಷ್ಟ್ರು ಎಂದರೆ ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಪುರಸಭೆಯ ದೂರು ವಿಭಾಗದಲ್ಲಿ ಅವಳ ಎದುರು ಕೌಂಟರಿನಲ್ಲಿ ಕೂರುವವರು, ದೂರು ಕೊಡಲು ಬಂದವರ ಕಾಗುಣಿತ ತಿದ್ದಿದ ಮೇಲೆಯೇ ದೂರು ತೆಗೆದುಕೊಳ್ಳುವವರು. ಅಡಿಗೆಮನೆಗೆ ಉಪ್ಪುನೀರು ನುಗ್ಗಿ ಒಲೆ ಆರಿಹೋದವನೊಬ್ಬ ಓಡಿಬಂದರೂ, “ಮೊದಲು ‘ನುಗ್ಗಿದೆ’ಗೆ ಗ ಒತ್ತು ಹಾಕಪ್ಪಾ,” ಅನ್ನುತ್ತಿದ್ದರು. ಈ ತರಬೇತಿಯ ಸುದ್ದಿ ಮೊದಲು ತಂದವರೂ ಅವರೇ. ಕಚೇರಿಗೆ ಒಂದೇ ಸೀಟು. ತರಬೇತಿ ಮುಗಿಸಿದವರು ದೂರು ವಿಭಾಗದಿಂದ ಎದ್ದು ಕಡಲತೀರದ ಕೆಲಸಕ್ಕೆ ಹೋಗುತ್ತಾರೆ, ದಂಡೆ ನೋಡಿ, ಜನರನ್ನು ಕೂಡಿಸಿ, ಏನು ಉಳಿಸಬೇಕು ಏನು ಬಿಡಬೇಕು ಎಂದು ಅವರ ಜೊತೆ ಕೂತು ತೀರ್ಮಾನ ಮಾಡುತ್ತಾರೆ. ಮೇಷ್ಟ್ರು ಇದಕ್ಕಾಗಿ ವರ್ಷಗಟ್ಟಲೆ ಓದಿದ್ದರು. “ಒಬ್ನೇ ಸಂದರ್ಶನಕ್ಕೆ ಹೋದ್ರೆ ಬೇಜಾರು, ನೀನೂ ಬಾ ತಂಗಿ,” ಎಂದು ಅವಳನ್ನು ಜೊತೆಗೆ ಎಳೆದುಕೊಂಡು ಹೋದವರು ಅವರು. ಜೊತೆಗೆ, ಅಂದರೆ ಹೆಣ್ಣು ನೋಡಲು ಹೊರಟವರು ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗುವ ಹಾಗೆ. ಹುಡುಗಿಯ ಕಡೆಯವರು ಪಕ್ಕದ ಮನೆಯವರನ್ನೇ ಒಪ್ಪಿಕೊಂಡುಬಿಟ್ಟರೆ ಏನು ಮಾಡಬೇಕು ಎಂಬುದನ್ನು ಯಾರೂ ಯೋಚಿಸಿರುವುದಿಲ್ಲ.

ಸಂದರ್ಶನದ ಕೋಣೆಯ ಹೊರಗೆ, ಬೆಂಚಿನ ಮೇಲೆ, ಅವರು ಅವಳಿಗೆ ಕೊನೆಯ ಪಾಠ ಹೇಳಿದ್ದರು. “ಮುಖ್ಯ ಸಮಸ್ಯೆ ಯಾವುದು ಅಂತ ಕೇಳೇ ಕೇಳ್ತಾರೆ. ಕಡಲ್ಕೊರೆತ ಅನ್ಬೇಕು. ಕೊರೆತ. ದಂಡೆಯನ್ನ ಕಡಲು ಕೊರೆಯೋದು. ಕೊರತೆ ಅಲ್ಲ, ತಿಳೀತಾ? ಎತ್ವ ರಕಾರಕ್ಕೆ, ತಕಾರಕ್ಕಲ್ಲ. ಹೊಯ್ದಾಡಿತೋ, ಮುಗೀತು ಕತೆ.” ಅದುವರೆಗೆ ಅವಳ ಜೀವಮಾನದಲ್ಲಿ ಆ ಎರಡು ಪದಗಳು ಒಂದಕ್ಕೊಂದು ಮುಖ ಕೊಟ್ಟು ನಿಂತದ್ದೇ ಇರಲಿಲ್ಲ. ಒಳಗೆ ಹೋಗಿ ಕೂತಾಗ ಎರಡೂ ನಾಲಗೆಯ ತುದಿಯಲ್ಲಿ ನೂಕಾಡುತ್ತಿದ್ದವು. ಮೇಜಿನ ಆಚೆ ಕೂತವರು ಕೇಳಿಯೂಬಿಟ್ಟರು. “ಕಡಲ ಕೊರತೆ, ಸರ್,” ಎಂದಳು ಅವಳು. ಎಲ್ಲರ ಪೆನ್ನುಗಳೂ ನಿಂತವು. ಮೂಲೆಯಲ್ಲಿದ್ದ ತೆಳ್ಳನೆಯ ಹೆಂಗಸು ಕನ್ನಡಕ ಮೇಲೆ ಮಾಡಿ, “ಕಡಲಿನ ಕೊರತೇನಾ? ಕಡಲ ಪಕ್ಕದಲ್ಲೇ ಇರೋ ಊರಿಗೆ?” ಎಂದರು. ತಪ್ಪಾಯಿತು ಅನ್ನಬಹುದಿತ್ತು. ದಿನಕ್ಕೆ ಎಷ್ಟೋ ಸಲ ಅನ್ನುವ ಮಾತೇ ಅದು, ಬಾಯಲ್ಲಿ ಸದಾ ಸಿದ್ಧವಾಗಿರುವ ಮಾತು. ಆದರೆ ಅವಳು, “ಹೌದು ಮೇಡಂ,” ಎಂದಳು. ಆಮೇಲೆ ಬಾಯಿ ತಾನಾಗಿ ನಡೆಯತೊಡಗಿತು. ತಡೆಗೋಡೆ ಎದ್ದ ಮೇಲೆ ತಮ್ಮ ಬೀದಿಗೆ ಕಡಲು ಕಾಣುವುದಿಲ್ಲ, ಮೊದಲು ನಂಟರ ಹಾಗೆ ಹೇಳಿ ಕೇಳಿ ಬರುತ್ತಿದ್ದ ನೀರು ಈಗ ಚರಂಡಿಯ ತೂತಿನಿಂದ ಕಳ್ಳನ ಹಾಗೆ ಬರುತ್ತದೆ, ಮಕ್ಕಳಿಗೆ ಕಡಲು ಬರೆಯಿರಿ ಅಂದರೆ ಬೂದು ಬಣ್ಣದಲ್ಲಿ ಗೋಡೆ ಬರೆಯುತ್ತಾರೆ, ಹೆದರಿಕೆ ಮಾತ್ರ ಉಳಿದಿದೆ, ಗುರುತು ಪರಿಚಯ ಹೋಗಿಬಿಟ್ಟಿದೆ, ಹಾಗಾಗಿ ಕೊರತೆ. ಇದನ್ನೆಲ್ಲ ಅವಳು ಮೊದಲೇ ಯೋಚಿಸಿದ್ದಳೇ, ಅಥವಾ ಜಾರಿ ಬಿದ್ದವನು ಎದ್ದು ಮೈ ಕೊಡವಿ ಕುಣಿದು ತೋರಿಸುವ ಹಾಗೆ ಆ ಕ್ಷಣಕ್ಕೆ ಹುಟ್ಟಿಸಿಕೊಂಡಳೇ? ಆವತ್ತಿನಿಂದ ಇವತ್ತಿನವರೆಗೆ ಅವಳು ತನ್ನನ್ನು ಕೇಳಿಕೊಳ್ಳುತ್ತಿದ್ದದ್ದು ಇದನ್ನೇ. ಮೇಷ್ಟ್ರು ತಮ್ಮ ಸರದಿಯಲ್ಲಿ ಕೊರೆತವನ್ನು ಸ್ಪಷ್ಟವಾಗಿ, ಎತ್ವ ಸಮೇತ ಉಚ್ಚರಿಸಿ ಬಂದರು. ಆಯ್ಕೆಯಾದದ್ದು ಅವಳು. ಮೇಷ್ಟ್ರ ಹೆಸರು ಕಾಯುವವರ ಪಟ್ಟಿಯಲ್ಲಿ ಮೊದಲನೆಯದು.

ಮತ್ತು ನಿಯಮ ಹೀಗಿತ್ತು: ಆಯ್ಕೆಯಾದವರು ಮೊದಲ ದಿನ ಕೇಂದ್ರದ ಕಚೇರಿ ಮುಚ್ಚುವುದರೊಳಗೆ ಬೇಡವೆಂದರೆ ಮುಂದಿನವರಿಗೆ ಸೀಟು. ಆಮೇಲೆ ಯಾರಿಗೂ ಇಲ್ಲ. ನಿನ್ನೆ ಸಂಜೆ ಕೌಂಟರಿನ ಕಿಟಕಿ ಎಳೆಯುತ್ತ ಮೇಷ್ಟ್ರು, “ನಾಳೆ ಸಂಜೆ ನಾನು ಅಲ್ಲೇ ಗೇಟ್ ಹತ್ರ ಇರ್ತೀನಿ ತಂಗಿ. ಒತ್ತಾಯ ಏನಿಲ್ಲ. ನಿನ್ನ ಮನಸ್ಸಾಕ್ಷಿ ಹೇಗೆ ಹೇಳುತ್ತೋ ಹಾಗೆ,” ಎಂದಿದ್ದರು. “ನನ್ ಮನಸಾಕ್ಷಿ…” ಎಂದು ಅವಳು ಶುರುಮಾಡಿದ್ದಳು. “ಮನಸ್ಸಾಕ್ಷಿ. ಸಕ್ಕೆ ಸ ಒತ್ತು,” ಎಂದಿದ್ದರು ಮೇಷ್ಟ್ರು. ತನ್ನ ಮನಸ್ಸಾಕ್ಷಿಗೆ ಒಂದು ಒತ್ತು ಕಡಿಮೆಯಿದೆ ಎಂದು ತಿಳಿದು ಅವಳು ತಲೆಯಾಡಿಸಿದ್ದಳು. ದೂರು ಕೊಟ್ಟವರಿಗೆ ಆಡಿಸುವ ತಲೆ ಅದು. ಆಗುತ್ತೆ ಎಂದೂ ಅರ್ಥ ಮಾಡಿಕೊಳ್ಳಬಹುದು, ನೋಡೋಣ ಎಂದೂ ಅರ್ಥ ಮಾಡಿಕೊಳ್ಳಬಹುದು. ಮೇಷ್ಟ್ರು ಆಗುತ್ತೆ ಎಂದು ತಿಳಿದರು. ಅವಳಿಗೂ ಆಗ ಹಾಗೆಯೇ ಅನ್ನಿಸಿತ್ತು. ಒಂದು ದಿನ ಕೂತು ನೋಡಿ ಬರುತ್ತೇನೆ, ಸಂಜೆ ಕೇಂದ್ರದ ಕಚೇರಿಯ ಕಿಟಕಿಯಲ್ಲಿ ಒಂದು ಮಾತು ಹೇಳಿ ಬಿಟ್ಟುಕೊಡುತ್ತೇನೆ. ಒಂದೇ ಒಂದು ದಿನ ನೋಡುವುದರಲ್ಲಿ ಯಾರ ಗಂಟೇನು ಹೋಗುತ್ತದೆ?

ಒಳಗೆ ಹೋದರೆ ಸಭಾಂಗಣದ ಕರಿಹಲಗೆಯ ಮೇಲೆ, ಹಲಗೆಯ ಉದ್ದಕ್ಕೂ, ‘ಕಡಲ ಕೊರತೆ’ ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು. ಅವಳ ಕಾಲು ಬಾಗಿಲಲ್ಲೇ ನಿಂತಿತು. ನಿರ್ದೇಶಕರು, ಸಂದರ್ಶನದಲ್ಲಿ ಪ್ರಶ್ನೆ ಕೇಳಿದ್ದ ದಪ್ಪನೆಯ ಮನುಷ್ಯ, ಕೈಯಲ್ಲಿದ್ದ ಪ್ರೊಜೆಕ್ಟರಿನ ವಯರನ್ನು ಹಾವಾಡಿಗನ ಹಾಗೆ ಎತ್ತಿ ಹಿಡಿದು, “ಬಂದ್ರು ನೋಡಿ! ಇವರೇ!” ಎಂದು ಕೂಗಿದರು. ಕೂತಿದ್ದವರೆಲ್ಲ ತಿರುಗಿದರು. ಸಂಜೆ ಕಾಲೇಜಿನಲ್ಲಿ ಓದುವಾಗ ಅವಳಿಗೆ ಒಂದು ಅಭ್ಯಾಸವಿತ್ತು: ಹಗಲಿನ ವಿದ್ಯಾರ್ಥಿಗಳು ಎದ್ದು ಹೋದ ಬೆಂಚಿನ ಮೇಲೆ ಕೂತಾಗ ಹಲಗೆ ಇನ್ನೂ ಬೆಚ್ಚಗಿರುತ್ತಿತ್ತು, ಆ ಬಿಸಿ ಆರುವವರೆಗೆ ಅವಳು ಬೆಂಚಿನ ಅಂಚಿಗೆ ಕೂತಿರುತ್ತಿದ್ದಳು, ಯಾರಾದರೂ ಮರೆತ ಛತ್ರಿಗೆ ಮರಳಿ ಬಂದು ಇದು ನನ್ನ ಜಾಗ ಅಂದರೆ ಥಟ್ಟನೆ ಏಳುವುದಕ್ಕೆ. ಈಗಲೂ ಅಂಚಿಗೇ ಕೂತಳು. ಪಕ್ಕದಲ್ಲಿದ್ದವನು ಬಂದರಿನ ಮುಳುಗುಗಾರ, ಹಡಗುಗಳ ತಳ ಕೆರೆಯುವವನು, ಕಿವಿ ಸ್ವಲ್ಪ ಮಂದವಾದ್ದರಿಂದ ಗುಟ್ಟನ್ನೂ ಗಟ್ಟಿಯಾಗಿ ಹೇಳುವವನು. “ಅಕ್ಕಾ, ನಾನು ದಿನಾ ಅದರೊಳಗೇ ಬಿದ್ದಿರ್ತೀನಿ, ನನಗಂತೂ ಕೊರತೆ ಕಂಡಿಲ್ಲ,” ಎಂದು ಇಡೀ ಸಭಾಂಗಣಕ್ಕೆ ಕೇಳುವ ಹಾಗೆ ಪಿಸುಗುಟ್ಟಿದ. “ಆದ್ರೂ ಏನೋ ಸರಿಯಾಗೇ ಹೇಳಿದೀರಿ.” ಮುಂದಿನ ಸಾಲಿನ ಎಂಜಿನಿಯರ್ ಹುಡುಗಿ ಕೈಯೆತ್ತಿ, ಎದ್ದು ನಿಂತು, “ಮೇಡಂ, ನಿಮ್ಮ ಈ ಕೊರತೆಯನ್ನ ಯಾವ ಮಾನದಲ್ಲಿ ಅಳೀತೀರಿ?” ಎಂದು ಕೇಳಿದಳು. ಹುಡುಗಿಯ ದನಿಯಲ್ಲಿ ಕುಹಕವಿರಲಿಲ್ಲ, ಅದೇ ಕಷ್ಟ. ಎಲ್ಲರೂ ಕಾದರು. ಈಗ ಸಿಕ್ಕಿಬಿದ್ದೆ, ಒಳ್ಳೆಯದೇ ಆಯಿತು ಎಂದುಕೊಂಡಳು. ಆದರೆ ಬಾಯಿ, ಆ ದರಿದ್ರ ಬಾಯಿ, “ಹೆಜ್ಜೇಲಿ,” ಎಂದಿತು. “ಮನೆ ಬಾಗಿಲಿಂದ ಕಡಲು ಕಣ್ಣಿಗೆ ಬೀಳೋ ತನಕ ಎಷ್ಟು ಹೆಜ್ಜೆ ನಡೀಬೇಕೋ ಅಷ್ಟು ಕೊರತೆ.” ಎಂಜಿನಿಯರ್ ಹುಡುಗಿ “ಓಹ್” ಎಂದು ಕೂತು ಬರೆದುಕೊಂಡಳು. ಎಲ್ಲರೂ ಬರೆದುಕೊಂಡರು. ಹಾಳೆಗಳ ಮೇಲೆ ಪೆನ್ನುಗಳು ಓಡುವ ಸದ್ದು ಕೇಳುತ್ತ ಅವಳಿಗೆ ತಲೆ ಗಿರ್ರೆಂದಿತು. ಸುಳ್ಳು ಹೇಳುವುದು ಇಷ್ಟು ಸಲೀಸೆಂದು ಗೊತ್ತಿದ್ದರೆ ಮೊದಲೇ ಹೇಳುತ್ತಿದ್ದೆನಲ್ಲ! ಅದು ಸುಳ್ಳೇ ಹೌದೋ ಅಲ್ಲವೋ ಎಂದು ನೋಡುವಷ್ಟರಲ್ಲಿ ಇನ್ನೊಂದು ಮಾತು ಗಂಟಲಿಗೆ ಬಂದು ನಿಂತಿರುತ್ತಿತ್ತು. ನದಿಗೆ ಅಣೆಕಟ್ಟು ಕಟ್ಟಿ ಮರಳು ತಡೆದರೆ ದಂಡೆಗೆ ಕೂಳಿಲ್ಲದ ಹಾಗೆ ಎಂದು ನಿರ್ದೇಶಕರು ಹೇಳಿದರೆ, ಹೌದು, ದಂಡೆಯೂ ಉಣ್ಣುತ್ತದೆ, ಎಂದು ಅವಳೊಳಗೆ ಯಾರೋ ಚಪ್ಪಾಳೆ ತಟ್ಟಿದರು. ಸಿಹಿನೀರು, ಮೀನು, ಮರಳು, ದಂಡೆಯ ಗಿಡ, ಎಲ್ಲವೂ ಒಂದೇ ಮನೆಯ ಖರ್ಚು ಎಂದು ಅವರು ಹೇಳಿದಾಗ, ಇದೆಲ್ಲ ನನಗೆ ಗೊತ್ತಿತ್ತು, ಗೊತ್ತಿತ್ತೆಂದು ಗೊತ್ತಿರಲಿಲ್ಲ ಅಷ್ಟೇ, ಅನ್ನಿಸಿತು. ಬೆಂಚಿನ ಅಂಚಿನಿಂದ ಒಳಕ್ಕೆ ಸರಿದು ಕೂತಿದ್ದೇನೆ ಎಂಬುದು ಅವಳ ಗಮನಕ್ಕೆ ಬಂದದ್ದು ಮುಳುಗುಗಾರ, “ಅಕ್ಕಾ, ನನಗೂ ಒಂಚೂರು ಜಾಗ ಇರ್ಲಿ,” ಎಂದಾಗ.

ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಅವಳು ಹಿಂದೆ ಉಳಿದಳು. ಮನಸ್ಸಾಕ್ಷಿಗೆ ಒತ್ತು ಬಂದಿತ್ತು. ಈಗಲೇ ಹೇಳಿಬಿಡಬೇಕು, ಹೇಳಿ ನೇರವಾಗಿ ಕಿಟಕಿಗೆ ಹೋಗಿ ಸೀಟು ಬಿಡಬೇಕು, ಸಂಜೆಯವರೆಗೆ ಕೂತರೆ ಇದು ಹತ್ತಿಕೊಳ್ಳುತ್ತದೆ, ಹಸಿ ಬಣ್ಣದ ಹಾಗೆ. ನಿರ್ದೇಶಕರು ಕಾಣಲಿಲ್ಲ. ಮೇಜಿನ ಕೆಳಗಿಂದ ಎರಡು ಕಾಲ್ಚೀಲದ ಪಾದಗಳು ಹೊರಗೆ ಚಾಚಿಕೊಂಡಿದ್ದವು, ಒಂದರ ಹೆಬ್ಬೆರಳು ತೂತಿನಿಂದ ಇಣುಕುತ್ತಿತ್ತು. ಅವರು ಮೇಜಿನಡಿ ತೂರಿ ವಯರಿನೊಂದಿಗೆ ಜಗಳವಾಡುತ್ತಿದ್ದರು. ಮುಖ ಕಾಣದ್ದು ಒಳ್ಳೆಯದೇ ಆಯಿತೆಂದು ಅವಳು ಆ ಹೆಬ್ಬೆರಳಿಗೆ ಹೇಳತೊಡಗಿದಳು. “ಸರ್, ಒಂದು ಮಾತು. ಸಂದರ್ಶನದಲ್ಲಿ ನಾನು ಹೇಳಿದ್ದು ಕೊರತೆ ಅಲ್ಲ ಸರ್. ಕೊರೆತ ಅನ್ನೋಕೆ ಹೋಗಿ ಬಾಯಿ ತಪ್ಪಿ ಬಂತು.”

“ಬಂತಾ?” ಎಂದರು ನಿರ್ದೇಶಕರು ಕೆಳಗಿಂದ, ಸಂಭ್ರಮದಲ್ಲಿ.

“ಬಂತು ಸರ್.”

“ಪೂರ್ತಿ ಬಂತಾ, ಮಿಣುಕ್ತಾ ಇದೆಯಾ?”

ಅವಳು ತಲೆಯೆತ್ತಿ ನೋಡಿದಳು. ಗೋಡೆಯ ಮೇಲೆ ಬೆಳಕಿನ ಚೌಕವೊಂದು ಬಂದು ಬಂದು ಹೋಗುತ್ತಿತ್ತು. “ಮಿಣುಕ್ತಾ ಇದೆ ಸರ್. ನಾನು ಹೇಳ್ತಿದ್ದದ್ದು ಅದಲ್ಲ. ಆ ಮಾತು ನನ್ನದಲ್ಲ. ಆಮೇಲೆ ಹೇಳಿದ್ದೆಲ್ಲ ಮುಚ್ಚಿಹಾಕೋಕೆ ಹೇಳಿದ್ದು. ನಿಜ ಅಂದ್ರೆ ಇಲ್ಲಿ ಕೂರಬೇಕಾದವರು ಬೇರೆಯವರು.”

“ಹಾಗೇ ಹಿಡ್ಕೊಳ್ಳಿ, ಬಿಡಬೇಡಿ!” ಎಂದು ನಿರ್ದೇಶಕರು ಕೂಗಿದರು. ಏನನ್ನು ಹಿಡಿದುಕೊಳ್ಳಬೇಕೆಂದು ತಿಳಿಯದೆ ಅವಳು ಮೇಜಿನ ಅಂಚು ಹಿಡಿದುಕೊಂಡಳು. ಬೆಳಕು ಗಟ್ಟಿಯಾಗಿ ನಿಂತಿತು. ಅವರು ಹಿಂಬದಿಯಿಂದ ತೆವಳಿ ಹೊರಬಂದು, ಕೂದಲಲ್ಲೆಲ್ಲ ಧೂಳು, ಮುಖದಲ್ಲೆಲ್ಲ ಗೆದ್ದ ಕಳೆ, “ಏನೋ ಹೇಳ್ತಿದ್ರಲ್ಲಮ್ಮ?” ಎಂದರು. ಕ್ಷಣ ಬಂದು ಎದುರಿಗೆ ನಿಂತಿತು, ಹೊಸ ನಂಟನ ಹಾಗೆ ಕಾಲೊರೆಸಿಕೊಂಡು. ಅವಳು ಅದರ ಮುಖ ನೋಡಿದಳು. “ಏನಿಲ್ಲ ಸರ್. ತಲೇಲಿ ಧೂಳಿದೆ,” ಎಂದಳು. ಹೊರಗೆ ಬಂದು ನಲ್ಲಿಯ ಕೆಳಗೆ ಕೈಯೊಡ್ಡಿ ಬಹಳ ಹೊತ್ತು ನಿಂತಳು. ಹೇಳಿದ್ದಂತೂ ಹೇಳಿದೆ, ಕೇಳಿಸಿಕೊಳ್ಳುವುದು ಕೇಳುವವರ ಕೆಲಸ. ಅಲ್ಲ, ಎರಡನೇ ಸಲ ಕೇಳಿದರಲ್ಲ, ಆಗ? ಆಗ ಹೇಳಿದ್ದೂ ಸುಳ್ಳಲ್ಲ, ಧೂಳಿತ್ತು. ಇಂಥ ವಕೀಲಿಕೆ ತನಗೆ ಎಲ್ಲಿಂದ ಬಂತೆಂದು ಅವಳಿಗೆ ಹೇಸಿಗೆಯೂ ಆಯಿತು, ಖುಷಿಯೂ ಆಯಿತು. ನಾಚಿಕೆ ಮತ್ತು ಖುಷಿ ಒಂದೇ ನಲ್ಲಿಯಿಂದ ಬರುವ ಬಿಸಿನೀರು ತಣ್ಣೀರಿನ ಹಾಗೆ, ಯಾವುದು ಯಾವುದೆಂದು ಕೈಗೆ ತಿಳಿಯಲಿಲ್ಲ.

ಮಧ್ಯಾಹ್ನದ ಮೇಲೆ ಆಟ. ನಿರ್ದೇಶಕರು ಸೀಮೆಸುಣ್ಣದಿಂದ ನೆಲದ ಮೇಲೆ ದಂಡೆಯ ಗೆರೆ ಎಳೆದರು. ಬೆಂಚುಗಳನ್ನು ಬದಿಗೆ ತಳ್ಳಿ, ಕುರ್ಚಿಗಳನ್ನು ತರಿಸಿ, ಅವಕ್ಕೆಲ್ಲ ಚೀಟಿ ಅಂಟಿಸಿದರು: ಮನೆ, ಮನೆ, ಶಾಲೆ, ಆಸ್ಪತ್ರೆ, ಐಸ್ ಕಾರ್ಖಾನೆ, ದೋಣಿ ನಿಲ್ಲಿಸುವ ಜಾಗ, ಬಾವಿ. ಒಬ್ಬೊಬ್ಬರು ಒಂದೊಂದರ ಮೇಲೆ ಕೂರಬೇಕು. ಗಂಟೆ ಬಾರಿಸುವುದರೊಳಗೆ ಎಲ್ಲರೂ ಕೂಡಿ ಯಾವುದನ್ನು ಹಿಂದಕ್ಕೆ ಸರಿಸುವುದು, ಯಾವುದನ್ನು ಬಿಟ್ಟುಕೊಡುವುದು ಎಂದು ಒಮ್ಮತಕ್ಕೆ ಬರಬೇಕು; ಬರದಿದ್ದರೆ ಕಡಲು ತನಗೆ ಬೇಕಾದದ್ದನ್ನು ಎತ್ತಿಕೊಂಡು ಹೋಗುತ್ತದೆ. “ಕಡಲು ಯಾರು?” ಎಂದು ಮುಳುಗುಗಾರ ಕೇಳಿದ. “ಇನ್ಯಾರು?” ಎಂದರು ನಿರ್ದೇಶಕರು. “ಕೊರತೆ ನೀಗಿಸಿ ಅಮ್ಮಾ.” ಎಲ್ಲರೂ ನಕ್ಕರು. ಮೊದಲ ಗಂಟೆ ಹೊಡೆಯಿತು. ಶಾಲೆ ಮುಖ್ಯವೋ ಕಾರ್ಖಾನೆ ಮುಖ್ಯವೋ ಎಂಬ ವಾದ ಇನ್ನೂ ನಡೆದೇ ಇತ್ತು. ಅವಳು ಅಂಚಿನ ಮನೆಯ ಹತ್ತಿರ ಹೋಗಿ, ಕೈ ಜೋಡಿಸಿಕೊಂಡು, “ತಗೊಳ್ಳಲಾ?” ಎಂದು ಕೇಳಿದಳು. “ಕಡಲು ಕೇಳಲ್ಲ!” ಎಂದು ನಿರ್ದೇಶಕರು ಕೂಗಿದರು. “ಕಡಲು ಮಾತಾಡೋ ಹಾಗೇ ಇಲ್ಲ. ಬರೋದು, ಎತ್ತೋದು, ಹೋಗೋದು.” ಇಷ್ಟು ವರ್ಷ ಕೌಂಟರಿನ ಹಿಂದೆ ಕೂತು ದಯವಿಟ್ಟು, ಸ್ವಲ್ಪ ತಡೀರಿ, ತಪ್ಪು ತಿಳೀಬೇಡಿ ಎಂದು ಹೇಳಿ ಹೇಳಿ ಸವೆದ ಬಾಯನ್ನು ಮುಚ್ಚಿ ಅವಳು ಕುರ್ಚಿ ಹಿಡಿದು ಎಳೆದಳು. ಅದರ ಮೇಲಿದ್ದವನು ಜಾರಿ ನೆಲಕ್ಕೆ ಕೂತ. ಕುರ್ಚಿ ಹಗುರವಾಗಿತ್ತು. ಆಶ್ಚರ್ಯವಾಗುವಷ್ಟು ಹಗುರ.

ಎರಡನೆಯ ಸಲಕ್ಕೆ ಎಂಜಿನಿಯರ್ ಹುಡುಗಿ ತನ್ನ ಮುಂದೆ ಎಲ್ಲರ ಚೀಲಗಳನ್ನು ಪೇರಿಸಿ, “ನಾನು ಗೋಡೆ ಕಟ್ಟಿದೀನಿ ಮೇಡಂ, ಬರೋ ಹಾಗಿಲ್ಲ,” ಎಂದು ಸೆಟೆದು ಕೂತಳು. ಕಡಲಾಗಿದ್ದ ಅವಳು ಚೀಲಗಳ ಮುಂದೆ ಒಂದು ಕ್ಷಣ ನಿಂತು, ಬಳಸಿ ಪಕ್ಕಕ್ಕೆ ಹೋಗಿ, ಗೋಡೆಯಿಲ್ಲದ ಪಕ್ಕದವನ ಕುರ್ಚಿಯನ್ನೂ ಹುಡುಗಿಯ ಕುರ್ಚಿಯನ್ನೂ ಒಟ್ಟಿಗೆ ಎತ್ತಿಕೊಂಡಳು. “ಇದು ಮೋಸ!” ಎಂದು ಹುಡುಗಿ ಕಿರುಚಿದಳು. “ಮೋಸ ಅಲ್ಲಮ್ಮ, ಹಾಗೇ ಮಾಡೋದು ಅದು,” ಎಂದು ಐಸ್ ಕಾರ್ಖಾನೆಯ ಮೇಲೆ ಕೂತಿದ್ದ ಯಜಮಾನರೊಬ್ಬರು ತಲೆಯಾಡಿಸಿದರು. ಮುಳುಗುಗಾರ ಮಾತ್ರ ತಾನಾಗಿಯೇ ಎದ್ದು, “ನಾನು ನಿಮ್ಮೋನೇ ಅಕ್ಕಾ, ಒಳಗೇ ಕರ್ಕೊಂಬಿಡಿ,” ಎಂದು ಅವಳ ಹಿಂದೆ ಬಂದು ನಿಂತ. ಸಭಾಂಗಣ ನಗುವಿನಿಂದ ತುಂಬಿತು. ಉಳಿದವರು ಒಂದೊಂದು ಕುರ್ಚಿಗೆ ಇಬ್ಬಿಬ್ಬರು ಆತುಕೊಂಡರು, ಶಾಲೆಯ ತೊಡೆಯ ಮೇಲೆ ಆಸ್ಪತ್ರೆ ಕೂತಿತು, ಹಿಂದೆ ಸರಿಯೋಣವೆಂದರೆ ಸಭಾಂಗಣದ ಗೋಡೆ ಬೆನ್ನಿಗೆ ತಾಗಿತು. ಅವಳಿಗೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು, ನಿಲುವಂಗಿಯ ಜೇಬುಗಳು ಎರಡು ಕಡೆ ಬೀಸುತ್ತಿದ್ದವು. ಬರೋದು, ಎತ್ತೋದು, ಹೋಗೋದು. ಮುಂದಿನ ಗಂಟೆಗೆ ಅವಳು ನೋಡದೆಯೇ ಒಂದು ಕುರ್ಚಿಗೆ ಕೈ ಹಾಕಿದಳು. ನಗು ಒಮ್ಮೆಗೇ ನಿಂತಿತು. “ಬಾವಿ ಹೋಯ್ತು,” ಎಂದರು ಯಾರೋ. ಬಾವಿಯನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ. ಚೀಟಿ ಬಿಟ್ಟರೆ ಅದಕ್ಕೆ ಕೂತವರೇ ಇರಲಿಲ್ಲ. ಉಳಿದ ಮನೆ, ಶಾಲೆ, ಆಸ್ಪತ್ರೆಗಳೆಲ್ಲ ಸಿಕ್ಕ ಕುರ್ಚಿಗಳ ಮೇಲೆ ಭದ್ರವಾಗಿ ಕೂತು, ಕುಡಿಯಲು ನೀರಿಲ್ಲದೆ, ಅವಳ ಕಡೆ ನೋಡಿದವು. ಇಳಿಸಿಬಿಡಬಹುದಿತ್ತು. ಆಟ ತಾನೆ, ತಿಳಿಯದೆ ಎತ್ತಿದೆ ಅನ್ನಬಹುದಿತ್ತು. ಕುರ್ಚಿಯ ಹಿಡಿ ಅಂಗೈಗೆ ಒತ್ತುತ್ತಿತ್ತು. ಅವಳು ಇಳಿಸಲಿಲ್ಲ. ಬೇಕು, ಎಂದು ಅವಳೊಳಗೆ ಏನೋ ಹೇಳಿತು, ಬಹಳ ಹಳೆಯ ದನಿಯಲ್ಲಿ, ಯಾವ ಕಾಗುಣಿತವೂ ಕಲಿಯದ ದನಿಯಲ್ಲಿ. ನನಗಿದು ಬೇಕು. ಈ ಹಲಗೆ, ಈ ಸೀಮೆಸುಣ್ಣದ ದಂಡೆ, ಈ ಬೆವೆತ ಜನ, ನಾಳೆ ಮತ್ತೆ ಬೆಳಿಗ್ಗೆ ಆ ಮೆಟ್ಟಿಲು, ಬೇಕು. ಇಂಥ ಒಂದು ಬೇಕು ತನ್ನಲ್ಲಿ ಇಷ್ಟು ದಿನ ಎಲ್ಲಿ ಅಡಗಿ ಕೂತಿತ್ತೋ, ಯಾವ ತೂತಿನಿಂದ ಒಳಗೆ ಬಂತೋ! ಅವಳು ಬಾವಿಯನ್ನು ಹೊತ್ತುಕೊಂಡು ಹೋಗಿ ಉಳಿದವುಗಳ ಜೊತೆ ಇಟ್ಟಳು. ಕೊನೆಗೆ, ಯಾರೂ ಹೇಳದೆ ಇದ್ದರೂ, ಹೋಗಿ ನಿರ್ದೇಶಕರ ಕುರ್ಚಿಯನ್ನೇ ಎಳೆದಳು. ಅವರು ಗಂಟೆ ಹಿಡಿದುಕೊಂಡೇ ನಿಂತರು, ಬಾಯಿ ತೆರೆದು, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕರು.

“ಹೇಗನ್ನಿಸ್ತು?” ಎಂದು ಆಟ ಮುಗಿದ ಮೇಲೆ ಅವರು ಕೇಳಿದರು. ಕುರ್ಚಿಗಳ ರಾಶಿಯ ಮುಂದೆ, ಒಂದರ ಮೇಲೂ ಕೂರದೆ, ಅವಳು ಏದುಸಿರು ಬಿಡುತ್ತ ನಿಂತಿದ್ದಳು. “ಚೆನ್ನಾಗಿತ್ತು ಸರ್,” ಎಂದಳು. “ಅದಕ್ಕೇ ಹೆದರಿಕೆ ಆಯ್ತು.” ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಮೇಷ್ಟ್ರು ಹೇಳಿದ ಹಾಗೆ ಗೇಟಿನ ಹತ್ತಿರ ನಿಂತಿದ್ದರು. ಇಸ್ತ್ರಿಯ ಗೆರೆ ಮುರಿಯದ ಅಂಗಿ, ನೀರು ಹಚ್ಚಿ ಬಾಚಿದ ತಲೆ. ದಿನವಿಡೀ ಕೌಂಟರಿನಲ್ಲಿ ಕೂತು ಬಂದವರ ಅಂಗಿ ಹಾಗಿರುವುದಿಲ್ಲ. ಮನೆಗೆ ಹೋಗಿ ಬದಲಾಯಿಸಿಕೊಂಡು ಬಂದಿದ್ದಾರೆ, ಎಂದು ಅವಳಿಗೆ ಹೊಳೆಯಿತು. ಕಚೇರಿಯ ಕಿಟಕಿ ಇನ್ನೂ ತೆರೆದಿತ್ತು. ಒಳಗಿದ್ದವನು ಆಕಳಿಸುತ್ತ ಮೇಜಿನ ಮೇಲಿನ ಸಾಮಾನು ಒಳಗಿಡುತ್ತಿದ್ದ.

“ಹೇಗಿತ್ತು ತಂಗಿ?” ಎಂದರು ಮೇಷ್ಟ್ರು.

“ಚೆನ್ನಾಗಿತ್ತು ಮೇಷ್ಟ್ರೇ.”

“ಏನು ಹೇಳ್ಕೊಟ್ರು ಇವತ್ತು?”

“ಕುರ್ಚಿ ಎತ್ತೋದು.”

“ಆಂ?” ಎಂದು ಮೇಷ್ಟ್ರು ಕಿವಿ ಮುಂದೆ ಮಾಡಿ, ಆಮೇಲೆ ಅದು ತಮಾಷೆಯೆಂದು ತಿಳಿದು ನಕ್ಕರು. ಒಳ್ಳೆಯ ನಗು ಅವರದು, ಯಾರಿಗೂ ಕೇಡು ಬಯಸದ ನಗು. “ಕಿಟಕೀಲಿ ವಿಚಾರಿಸ್ದೆ. ಬಾಯಲ್ಲಿ ಒಂದು ಮಾತು ಹೇಳಿದ್ರೆ ಸಾಕಂತೆ, ಇನ್ನೇನೂ ಬೇಡ್ವಂತೆ. ಇನ್ನೊಂದು ಗಳಿಗೆ ಇರ್ತಾನಂತೆ. ನಿನಗೇನು ಹೇಳ್ಬೇಕೋ ಹೇಳು ತಂಗಿ, ನಾನು ಒತ್ತಾಯ ಮಾಡಲ್ಲ,” ಎಂದು ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತರು. ಹಾಗೆ ಸರಿದು ನಿಲ್ಲದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ಮಾತನ್ನು ಬೆಳಿಗ್ಗೆಯೇ ಹೊಂದಿಸಿಟ್ಟುಕೊಂಡಿದ್ದಳು, ಆಟ ಮುಗಿದ ಮೇಲೂ ಕೈಕಾಲು ತೊಳೆಯುತ್ತ ಒಮ್ಮೆ ಬಾಯಿಪಾಠ ಮಾಡಿದ್ದಳು: ಕಡಲ್ಕೊರೆತ ಅನ್ನಬೇಕಾದಲ್ಲಿ ತಪ್ಪಿದವಳು ನಾನು ಮೇಷ್ಟ್ರೇ, ಈ ಸೀಟು ನಿಮ್ಮದು, ಬನ್ನಿ. ಎತ್ವ ರಕಾರಕ್ಕೆ. ಈ ಸಲ ತಪ್ಪಬಾರದು. ಉಸಿರೆಳೆದುಕೊಂಡು, ಮೇಷ್ಟ್ರ ಕಣ್ಣನ್ನೇ ನೋಡುತ್ತ, ಮೊದಲ ಅಕ್ಷರಕ್ಕೆ ಬಾಯಿ ತೆರೆದಳು.

“ಕೊಡಲ್ಲ,” ಎಂದಳು.

ಹೇಳಿದ ಮೇಲೆ ಅವಳ ಕಿವಿಗೂ ಅದು ಬಿತ್ತು. ರಸ್ತೆಯಲ್ಲಿ ಒಂದು ಸೈಕಲ್ಲು ಕಿರ್ ಎನ್ನುತ್ತ ಹೋಯಿತು. ಮೇಷ್ಟ್ರ ಹುಬ್ಬು ಮೆಲ್ಲಗೆ ಮೇಲೇರಿತು, ತಪ್ಪು ಕಂಡಾಗ ಏರುವ ಹಾಗೆ. “ಉಚ್ಚಾರ ಜಾರಿತು ನೋಡು,” ಎಂದರು, ಮೃದುವಾಗಿ, ಎಡವಿದ ಮಗುವಿಗೆ ಕೈ ಕೊಡುವವರ ಹಾಗೆ. “ಕಡಲ ಅನ್ನೋಕೆ ಹೋದೆ ಅಲ್ವಾ? ಕಡಲ… ಏನೋ ಹೇಳೋಕೆ ಹೋದೆ. ನಿಧಾನ ಹೇಳು.”

ಅವರು ಕೈ ಚಾಚಿದ್ದಾರೆ, ಹಿಡಿದುಕೊಂಡರೆ ಆಯಿತು. ಹೌದು ಮೇಷ್ಟ್ರೇ, ಬಾಯಿ ತಪ್ಪಿತು, ಇಷ್ಟು ಸಾಕು. ಅವರ ಅಂಗಿಯ ಇಸ್ತ್ರಿಯ ಗೆರೆ, ಕತ್ತಿನ ಹತ್ತಿರ ಇನ್ನೂ ಆರದ ನೀರಿನ ಹನಿ, ಎಲ್ಲ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಇವರನ್ನು ನಾಳೆ ನೆನೆದಾಗಲೆಲ್ಲ ಈ ಹನಿ ನೆನಪಾಗುತ್ತದೆ ಎಂಬುದೂ ಗೊತ್ತಿತ್ತು. ಒಳಗಿದ್ದವನು ಎದ್ದು ಕಿಟಕಿಯ ಚಿಲಕಕ್ಕೆ ಕೈ ಹಾಕಿದ.

“ಇಲ್ಲ ಮೇಷ್ಟ್ರೇ,” ಎಂದಳು. ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ, ಅವರು ಕಲಿಸಿದ ಕ್ರಮದಲ್ಲೇ ಇಟ್ಟಳು. “ಕಕ್ಕೆ ಒತ್ವ ಕೊ. ಡ. ಲಕ್ಕೆ ಲ ಒತ್ತು. ಕೊಡಲ್ಲ.”

ಮೇಷ್ಟ್ರ ತುಟಿಗಳು ಸದ್ದಿಲ್ಲದೆ ಅಲುಗಾಡಿದವು. ಕೊ. ಡ. ಲ್ಲ. ಅಭ್ಯಾಸಬಲದಿಂದ ಅವರು ಅದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡುತ್ತಿದ್ದಾರೆಂದು, ಎಲ್ಲಾದರೂ ಒಂದು ಒತ್ತು, ಒಂದು ಎತ್ವ ಕೈಕೊಟ್ಟಿದೆಯೇ ಎಂದು ಹುಡುಕುತ್ತಿದ್ದಾರೆಂದು ಅವಳಿಗೆ ತಿಳಿಯಿತು. ಹಿಂದೆ ಕಿಟಕಿ ಮುಚ್ಚಿದ ಸದ್ದಾಯಿತು.

“ತಪ್ಪಿಲ್ಲ,” ಎಂದರು ಮೇಷ್ಟ್ರು ಕೊನೆಗೆ.